‘ಹಳೆಯದನ್ನು ಮರೆತುಬಿಡಿ’ ಅಂದರೆ ಮರೆಯಲು ಆಗುತ್ತದೆಯೇ? ತತ್ವಪದ, ಪಾರಾಯಣ ಮತ್ತು ನೆನಪಿನ ವಿಜ್ಞಾನ

ಭೀಮಾ ನದಿಗೆ ಮಹಾಪೂರ ಬಂದು ಇಳಿದ ಮೇಲೆ ದಂಡೆಯ ಊರುಗಳಲ್ಲಿ ಒಂದು ಮಾತು ಪದೇಪದೇ ಕೇಳಿಬರುತ್ತದೆ: ‘ಹೋದದ್ದು ಹೋಯ್ತು, ಬಿಡ್ರಿ.’ 2020ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ನದಿಯಂಚಿನ ಹಳ್ಳಿಗಳಿಗೆ ನೀರು ನುಗ್ಗಿದಾಗಲೂ ಹೀಗೇ ಆಯಿತು. ಮಹಾರಾಷ್ಟ್ರದ ಗಡಿಗೆ ಹತ್ತಿರದ ಮಣ್ಣೂರ ಅಂಥದೊಂದು ಊರು. ನದಿ, ಯಲ್ಲಮ್ಮನ ಗುಡಿ, ಕಬ್ಬು, ತೊಗರಿ, ರಾತ್ರಿಯಾದರೆ ಎಲ್ಲೋ ಒಂದು ಕಡೆ ಭಜನೆ. ಇಲ್ಲಿನವರಿಗೆ ಕಳೆದುಕೊಳ್ಳುವುದು ಹೊಸದಲ್ಲ.

ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಪೂರದಲ್ಲಿ ಎತ್ತು ಹೋಯಿತು. ಹಿಂದಿನ ರಾತ್ರಿಯೇ ಹಗ್ಗ ಬಿಚ್ಚಿದ್ದರೆ ಉಳಿಯುತ್ತಿತ್ತು ಎಂಬ ಯೋಚನೆ ಮಾತ್ರ ಹೋಗಲಿಲ್ಲ. ಪರಿಹಾರ ಬಂತು, ಬೇರೆ ಎತ್ತು ಬಂತು, ನಾಲ್ಕು ಬೆಳೆ ಬಂದವು. ಆದರೂ ನಸುಕಿನ ಮೂರು ಗಂಟೆಗೆ ಎಚ್ಚರವಾದರೆ ಕಣ್ಣ ಮುಂದೆ ಅದೇ ಹಗ್ಗ. ಮನೆಯವರು, ನೆಂಟರು, ಗುಡಿಯ ಕಟ್ಟೆಯ ಮೇಲೆ ಕುಳಿತವರು ಎಲ್ಲರೂ ಹೇಳುವುದು ಒಂದೇ: ‘ಮರೆತುಬಿಡು. ದೇವರ ಪುಸ್ತಕ ಓದು. ಮನಸ್ಸು ಹಗುರ ಆಗ್ತದ.’

ಈ ಸಲಹೆಯಲ್ಲಿ ನಿಜ ಎಷ್ಟು? ಪುಸ್ತಕ ಓದಿದರೆ, ಪದ ಹಾಡಿದರೆ, ಪ್ರವಚನ ಕೇಳಿದರೆ ಹಳೆಯ ನೋವು ನಿಜಕ್ಕೂ ಸಡಿಲವಾಗುತ್ತದೆಯೇ? ನಾವು ಇದನ್ನು ಎರಡು ಭಾಗವಾಗಿ ನೋಡಬೇಕು. ‘ಮರೆತುಬಿಡು’ ಎಂಬ ಮೊದಲ ಭಾಗ ಬಹುಮಟ್ಟಿಗೆ ತಪ್ಪು. ‘ಓದು, ಹಾಡು’ ಎಂಬ ಎರಡನೆಯ ಭಾಗದಲ್ಲಿ ಹುರುಳಿದೆ. ಆದರೆ ಜನ ಅಂದುಕೊಂಡಿರುವ ಕಾರಣಕ್ಕಲ್ಲ.

ಮರೆಯಲು ಹೊರಟವರಿಗೆ ಬಿಳಿ ಕರಡಿ ಅಡ್ಡ ಬರುತ್ತದೆ

1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಇನ್ನೂ ಕುತೂಹಲದ ಸಂಗತಿ ಆಮೇಲಿನದು. ‘ಈಗ ಯೋಚಿಸಬಹುದು’ ಎಂದಾಗ, ಮೊದಲು ತಡೆಹಿಡಿದಿದ್ದವರಿಗೆ ಕರಡಿಯ ಯೋಚನೆ ಮಾಮೂಲಿಗಿಂತ ಹೆಚ್ಚು ಬಂತು. ಅದುಮಿಟ್ಟದ್ದು ಪುಟಿದೆದ್ದಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಒಂದು ವಿಷಯವನ್ನು ಯೋಚಿಸಬಾರದು ಎಂದರೆ, ‘ಅದು ಬಂತೇ, ಅದು ಬಂತೇ’ ಎಂದು ಮನಸ್ಸಿನ ಒಂದು ಮೂಲೆ ಕಾವಲು ಕಾಯಬೇಕು. ಕಾವಲುಗಾರನಿಗೆ ಕಳ್ಳನ ಮುಖ ನೆನಪಿರಲೇಬೇಕಲ್ಲ!

ಹಾಗೆಂದು ನೆನಪನ್ನು ತಡೆಯುವುದು ಅಸಾಧ್ಯ ಎಂದೂ ಹೇಳುವಂತಿಲ್ಲ. 2001ರಲ್ಲಿ ಮೈಕಲ್ ಆಂಡರ್ಸನ್ ಮತ್ತು ಕಾಲಿನ್ ಗ್ರೀನ್ ಎಂಬ ಸಂಶೋಧಕರು, ಜೋಡಿ ಪದಗಳಲ್ಲಿ ಒಂದನ್ನು ನೋಡಿದಾಗ ಇನ್ನೊಂದು ನೆನಪಿಗೆ ಬಾರದಂತೆ ಮತ್ತೆಮತ್ತೆ ಅಭ್ಯಾಸ ಮಾಡಿಸಿದರೆ ಅದು ಸ್ವಲ್ಪ ಮಟ್ಟಿಗೆ ಮರೆತುಹೋಗುತ್ತದೆ ಎಂದು ತೋರಿಸಿದರು. ಆದರೆ ಪದಗಳ ಜೋಡಿ ಬೇರೆ, ತೇಲಿಹೋದ ಎತ್ತು ಬೇರೆ. ಭಯ, ದುಃಖ, ಅವಮಾನ ಬೆರೆತ ಅನುಭವಗಳನ್ನು ಮಿದುಳು ವಿಶೇಷವಾಗಿ ಗಟ್ಟಿಯಾಗಿ ಹಿಡಿದಿಡುತ್ತದೆ. ಒತ್ತಡದ ಹಾರ್ಮೋನುಗಳು ಮಿದುಳಿನ ಅಮಿಗ್ಡಲಾ ಎಂಬ ಚಿಕ್ಕ ಭಾಗದ ಮೂಲಕ ‘ಇದನ್ನು ಮರೆಯಬೇಡ’ ಎಂದು ಮೊಹರು ಒತ್ತುತ್ತವೆ. ಹಾವು ಕಚ್ಚಿದ ಹೊಲದ ಬದುವನ್ನು ಮರೆತವನು ಮತ್ತೆ ಅಲ್ಲಿಯೇ ಕಾಲಿಡುತ್ತಾನೆ. ಆದ್ದರಿಂದ ಮರೆಯಲಾಗುತ್ತಿಲ್ಲ ಎಂಬುದು ದುರ್ಬಲ ಮನಸ್ಸಿನ ಲಕ್ಷಣವಲ್ಲ. ನೆನಪಿನ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ, ಅಷ್ಟೇ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ನೆನಪು ಎಂದರೆ ಪೆಟ್ಟಿಗೆಯಲ್ಲಿಟ್ಟ ಫೋಟೋ ಎಂದು ನಾವು ಭಾವಿಸುತ್ತೇವೆ. 2000ದಲ್ಲಿ ಕರೀಂ ನಾಡೆರ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸಿತು. ಹಳೆಯ ಭಯದ ನೆನಪನ್ನು ಒಮ್ಮೆ ಕೆದಕಿದಾಗ ಅದು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗಬೇಕಾಗುತ್ತದೆ ಎಂದು ಅದು ಸೂಚಿಸಿತು. ಹಸಿ ಮಡಕೆಯನ್ನು ಮತ್ತೆ ನೀರಿಗೆ ಹಾಕಿ ತೆಗೆದ ಹಾಗೆ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಿದೆ. ಆದರೂ ಒಂದು ಮಾತು ಉಳಿಯುತ್ತದೆ: ನೆನಪನ್ನು ಯಾವ ಸ್ಥಿತಿಯಲ್ಲಿ, ಯಾರ ಜೊತೆ, ಯಾವ ಮಾತಿನಲ್ಲಿ ಎತ್ತಿಕೊಳ್ಳುತ್ತೇವೆ ಎಂಬುದು ಮುಖ್ಯ.

ನೆನೆಯುವುದು ಬೇರೆ, ಕೊರಗುವುದು ಬೇರೆ

ಹಾಗಾದರೆ ಮನುಷ್ಯನನ್ನು ತಿನ್ನುವುದು ನೆನಪೇ ಅಲ್ಲವೇ? ಅಲ್ಲ ಎನ್ನುತ್ತದೆ ಸಂಶೋಧನೆ. ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ 1990ರ ದಶಕದಿಂದ ಅಧ್ಯಯನ ಮಾಡಿದ್ದು ಮೆಲುಕು ಹಾಕುವ ಚಟವನ್ನು. ‘ನನಗೇ ಯಾಕೆ ಹೀಗಾಯಿತು’, ‘ನಾನು ಹಾಗೆ ಮಾಡದೇ ಇದ್ದಿದ್ದರೆ’ ಎಂದು ಅದೇ ಪ್ರಶ್ನೆಯನ್ನು ಉತ್ತರ ಹುಡುಕದೆ ಸುತ್ತುತ್ತಿರುವುದು. ಹೀಗೆ ಸುತ್ತುವವರಲ್ಲಿ ಖಿನ್ನತೆ ಹೆಚ್ಚು ಆಳವಾಗುತ್ತದೆ, ಹೆಚ್ಚು ಕಾಲ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ದನ ಮೆಲುಕು ಹಾಕಿದರೆ ಮೇವು ಜೀರ್ಣವಾಗುತ್ತದೆ. ಮನುಷ್ಯ ಹೀಗೆ ಮೆಲುಕು ಹಾಕಿದರೆ ಏನೂ ಜೀರ್ಣವಾಗುವುದಿಲ್ಲ. ವ್ಯತ್ಯಾಸ ಅಷ್ಟೇ.

ನಮ್ಮ ರೈತನ ತೊಂದರೆ ಎತ್ತಿನ ನೆನಪಲ್ಲ, ಹಗ್ಗದ ಸುತ್ತ ಸುತ್ತುವ ಈ ಗಾಣ. ಬಿಡಬೇಕಾದದ್ದು ಗಾಣವನ್ನು. ಹಾಡು, ಪಾರಾಯಣ, ಓದು ಇವು ಕೆಲಸಕ್ಕೆ ಬರುವುದು ಇಲ್ಲಿ.

ಕಡಕೋಳದ ಕಡೆ ಒಂದು ನೋಟ

ಮಣ್ಣೂರ ಇರುವ ಈ ಸೀಮೆ ತತ್ವಪದಗಳ ಸೀಮೆ. ಹತ್ತೊಂಬತ್ತನೆಯ ಶತಮಾನದ ಕಡಕೋಳ ಮಡಿವಾಳಪ್ಪ ಹುಟ್ಟಿದ್ದು ಇದೇ ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಎನ್ನುತ್ತಾರೆ. ನೆಲೆ ನಿಂತದ್ದು ಕಡಕೋಳದಲ್ಲಿ. ಅದು ಮೊದಲು ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಯಡ್ರಾಮಿಯದು. ಹುಟ್ಟಿನ ಕಾರಣಕ್ಕೇ ಅವರು ಸಾಕಷ್ಟು ಅವಮಾನ ಉಂಡರೆಂದು ಆ ಭಾಗದ ಜನ ಇಂದಿಗೂ ಹೇಳುತ್ತಾರೆ. ಅವರ ಬಳಗದಲ್ಲಿ ಖೈನೂರು ಕೃಷ್ಣಪ್ಪ ಇದ್ದರು, ಚೆನ್ನೂರು ಜಲಾಲಸಾಬ ಇದ್ದರು. ಜಾತಿ, ಮತ ನೋಡದ ಗುಂಪು ಅದು. ಅವರ ಪದಗಳು ಏಕತಾರಿ, ದಮ್ಮಡಿಗಳ ಜೊತೆ ಇಂದಿಗೂ ಅಮಾವಾಸ್ಯೆಯ ರಾತ್ರಿಗಳಲ್ಲಿ ಬೆಳಗಿನ ತನಕ ನಡೆಯುತ್ತವೆ.

ಈ ಪದಗಳನ್ನು ಕೇಳಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ತತ್ವಪದಕಾರರು, ದಾಸರು, ವಚನಕಾರರು ಬಹಳ ಸಲ ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡುತ್ತಾರೆ. ಅದನ್ನು ಬೈಯುತ್ತಾರೆ, ರಮಿಸುತ್ತಾರೆ, ತಂಗಿ ಎಂದೋ ಮರುಳೆ ಎಂದೋ ಕರೆದು ಬುದ್ಧಿ ಹೇಳುತ್ತಾರೆ. ‘ನಾನು ಕೆಟ್ಟೆ’ ಎನ್ನುವ ಬದಲು ‘ನೀನು ಯಾಕೆ ಹೀಗೆ ಮಾಡಿದೆ’ ಎಂದು ಕೇಳುತ್ತಾರೆ.

ಇದು ಬರೀ ಕಾವ್ಯದ ಅಲಂಕಾರವಾಗಿ ನಮಗೆ ಕಾಣುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒತ್ತಡದ ಹೊತ್ತಿನಲ್ಲಿ ತಮ್ಮೊಳಗೆ ‘ನಾನು’ ಎಂದು ಮಾತಾಡಿಕೊಂಡವರಿಗಿಂತ, ತಮ್ಮದೇ ಹೆಸರು ಹಿಡಿದು ಅಥವಾ ‘ನೀನು’ ಎಂದು ಮಾತಾಡಿಕೊಂಡವರು ಕಡಿಮೆ ಕಳವಳಪಟ್ಟರು. ಆಮೇಲೆ ಅದರ ಬಗ್ಗೆ ಕೊರಗಿದ್ದೂ ಕಡಿಮೆ. ಒಂದು ಸರ್ವನಾಮ ಬದಲಾದರೆ ನೋವಿಗೂ ನಮಗೂ ನಡುವೆ ಒಂದು ಮಾರು ಜಾಗ ಸಿಗುತ್ತದೆ. ಪಕ್ಕದ ಮನೆಯವನ ಕಷ್ಟಕ್ಕೆ ನಾವೆಲ್ಲ ಒಳ್ಳೆಯ ಸಲಹೆಗಾರರೇ. ನಮ್ಮ ಕಷ್ಟವನ್ನು ಪಕ್ಕದ ಮನೆಗೆ ಸಾಗಿಸುವ ಉಪಾಯ ಇದು. ತತ್ವಪದಗಳನ್ನೇ ಇಟ್ಟುಕೊಂಡು ಕ್ರಾಸ್ ಪ್ರಯೋಗ ಮಾಡಿಲ್ಲ, ಹೋಲಿಕೆ ನಮ್ಮದು. ಆದರೂ ಭಜನೆಯಲ್ಲಿ ಕೂತವರಿಗೆ ಇದು ಹೊಸದೆನಿಸಲಿಕ್ಕಿಲ್ಲ.

ಎರಡನೆಯದು ಉಸಿರು. 2001ರಲ್ಲಿ ಇಟಲಿಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಂತರಾದ 23 ಜನರಿಂದ ಲ್ಯಾಟಿನ್ ಭಾಷೆಯ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಮಾಮೂಲಿಯಾಗಿ ನಾವು 12ರಿಂದ 20 ಸಲ ಉಸಿರಾಡುತ್ತೇವೆ. ಈ ನಿಧಾನದ ಲಯದಲ್ಲಿ ಹೃದಯದ ಬಡಿತ ಮತ್ತು ರಕ್ತದೊತ್ತಡವನ್ನು ಹದದಲ್ಲಿಡುವ ನರಗಳ ಪ್ರತಿಕ್ರಿಯೆ ಚುರುಕಾಯಿತು. ಗಮನಿಸಿ, ಒಂದು ಕ್ರೈಸ್ತ ಪ್ರಾರ್ಥನೆ, ಒಂದು ಬೌದ್ಧ ಮಂತ್ರ, ಫಲ ಒಂದೇ. ದೇಹಕ್ಕೆ ಬೇಕಾದದ್ದು ಉದ್ದವಾದ ಸಾಲು ಮತ್ತು ಅದನ್ನು ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ. ಪಲ್ಲವಿಯನ್ನು ಎಳೆದು ಹಾಡುವ ಭಜನೆಯಲ್ಲಿ ಇದು ತಾನಾಗಿ ಒದಗುತ್ತದೆ. ಎದೆ ಬಡಿದುಕೊಳ್ಳುತ್ತಿರುವಾಗ ಹಗ್ಗದ ನೆನಪು ಬರುವುದು ಒಂದು ತರಹ, ಉಸಿರು ತಣ್ಣಗಿರುವಾಗ ಬರುವುದು ಇನ್ನೊಂದು ತರಹ.

ಮೂರನೆಯದು ಜೊತೆಗೆ ಕೂರುವುದು. ಇದನ್ನು ವಿವರಿಸಲು ವಿಜ್ಞಾನವೇ ಬೇಕೆಂದಿಲ್ಲ. ಬೆಳಗಿನ ಮೂರು ಗಂಟೆಗೆ ಒಬ್ಬನೇ ಎದ್ದಿರುವವನಿಗೂ, ಅದೇ ಹೊತ್ತಿಗೆ ಹದಿನೈದು ಜನರ ನಡುವೆ ದಮ್ಮಡಿ ಹಿಡಿದು ಕೂತವನಿಗೂ ರಾತ್ರಿ ಒಂದೇ ಉದ್ದ ಇರುವುದಿಲ್ಲ.

ಪಾರಾಯಣದ ಕತೆಯೂ ಇಲ್ಲಿ ಸೇರುತ್ತದೆ. ಇದೇ ತಾಲ್ಲೂಕಿನಲ್ಲಿ, ಭೀಮಾ ಮತ್ತು ಅಮರಜಾ ನದಿಗಳು ಕೂಡುವಲ್ಲಿ ದೇವಲ ಗಾಣಗಾಪುರವಿದೆ. ನೃಸಿಂಹ ಸರಸ್ವತಿಗಳ ನೆಲೆ, ದತ್ತಕ್ಷೇತ್ರ. ಇಲ್ಲಿಗೆ ಬರುವವರು ಏಳು ದಿನದಲ್ಲಿ ಓದಿ ಮುಗಿಸುವ ‘ಗುರುಚರಿತ್ರೆ’ ಮರಾಠಿಯ ಗ್ರಂಥ. ಆದರೆ ಅದನ್ನು ಬರೆದ ಸರಸ್ವತಿ ಗಂಗಾಧರ ತನ್ನ ಮನೆಮಾತು ಕನ್ನಡ ಎಂದು ಸೂಚಿಸಿದ್ದಾನೆ! ಗಡಿಸೀಮೆಯ ಗುಣವೇ ಇದು. ಗ್ರಂಥ ಶುರುವಾಗುವುದು ನಾಮಧಾರಕ ಎಂಬ ನೊಂದ ಮನುಷ್ಯನಿಂದ. ಕಷ್ಟದಲ್ಲಿ ಬಳಲಿ ಹೊರಟವನಿಗೆ ದಾರಿಯಲ್ಲಿ ಸಿದ್ಧನೊಬ್ಬ ಸಿಗುತ್ತಾನೆ, ಒಂದಾದ ಮೇಲೊಂದು ಬೇರೆಯವರ ಕಷ್ಟಗಳ ಕತೆ ಹೇಳುತ್ತಾನೆ. ಮಕ್ಕಳನ್ನು ಕಳೆದುಕೊಂಡವರು, ರೋಗಿಗಳು, ಬಡವರು. ಓದುವವನಿಗೆ ಏಳು ದಿನ ತನ್ನ ಕತೆಯೊಂದನ್ನು ಬಿಟ್ಟು ಊರಿನ ಕತೆಯೆಲ್ಲ ಸಿಗುತ್ತದೆ. ಜೊತೆಗೆ ಹೊತ್ತಿಗೆ ಸರಿಯಾಗಿ ಏಳುವುದು, ಮೀಯುವುದು, ಹಿತಮಿತವಾಗಿ ಉಣ್ಣುವುದು, ಬೇಗ ಮಲಗುವುದು. ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆಯಲ್ಲಿ ದಿನಚರಿಯನ್ನು ಮತ್ತೆ ಕಟ್ಟಿಕೊಡುವುದು ಒಂದು ಮುಖ್ಯ ಹೆಜ್ಜೆ. ಪಾರಾಯಣದ ನಿಯಮಗಳಲ್ಲಿ ಅದು ಹೇಗೂ ಅಡಗಿದೆ.

ಓದುವುದಕ್ಕಿಂತ ಬರೆದರೆ?

1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಬದುಕಿನ ಅತಿ ನೋವಿನ ಘಟನೆಯ ಬಗ್ಗೆ, ಉಳಿದವರು ಯಾವುದೋ ಸಪ್ಪೆ ವಿಷಯದ ಬಗ್ಗೆ. ನೋವನ್ನು ಬರೆದವರು ಬರೆದ ತಕ್ಷಣ ಇನ್ನಷ್ಟು ಬೇಸರಗೊಂಡರು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಆಗ ಅನಿಸಿದ್ದನ್ನೂ ಎರಡನ್ನೂ ಬರೆದವರು ವೈದ್ಯರ ಬಳಿ ಹೋದದ್ದು ಕಡಿಮೆಯಾಯಿತು.

ಇದರಿಂದ ‘ಬರೆದರೆ ಎಲ್ಲವೂ ವಾಸಿ’ ಎಂಬ ಜಾಹೀರಾತುಗಳು ಹುಟ್ಟಿಕೊಂಡವು. ಅದು ಅತಿಯಾಯಿತು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಾಭ ಇದೆ, ಆದರೆ ಚಿಕ್ಕದು ಎಂದು ತಿಳಿಯಿತು. ಅಂದರೆ ದುಡ್ಡಿಲ್ಲದ, ಹೆಚ್ಚಿನವರಿಗೆ ಅಪಾಯವಿಲ್ಲದ, ಸಣ್ಣ ಸಹಾಯ. ಮತ್ತೊಂದು ಎಚ್ಚರ: ಆಘಾತವಾದ ಮರುದಿನವೇ ಎಲ್ಲವನ್ನೂ ಹೇಳಿಸಬೇಕು, ಬರೆಸಬೇಕು ಎಂದು ಒತ್ತಾಯಿಸಬಾರದು. ದುರಂತದ ಬೆನ್ನಿಗೇ ಒಂದೇ ಬೈಠಕ್ಕಿನಲ್ಲಿ ನೋವನ್ನೆಲ್ಲ ಹೊರಹಾಕಿಸುವ ಪದ್ಧತಿಯಿಂದ ಲಾಭವಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಎಂದು ಪರಾಮರ್ಶೆಗಳು ತೋರಿಸಿವೆ. ಆ ಹೊತ್ತಿಗೆ ಬೇಕಾದದ್ದು ಊಟ, ನಿದ್ದೆ, ಜೊತೆಗೊಬ್ಬರು.

ಬರೆಯಲು ಬಾರದವರು ಏನು ಮಾಡಬೇಕು? ನಮ್ಮಲ್ಲಿ ಹೆಂಗಸರು ಬೀಸುವಾಗ, ಕುಟ್ಟುವಾಗ ತಮ್ಮ ಬದುಕನ್ನೇ ಹಾಡು ಕಟ್ಟಿ ಹೇಳಿಕೊಂಡಿದ್ದಾರೆ. ಮಾತಿಗೆ ಒಂದು ಆಕಾರ ಕೊಡುವುದು ಮುಖ್ಯ, ಪೆನ್ನು ಕಡ್ಡಾಯವಲ್ಲ.

‘ಕ್ಷಮಿಸಿಬಿಡು’ ಎನ್ನುವವರಿಗೆ

ಎತ್ತು ಪೂರದಲ್ಲಿ ಹೋದರೆ ಸಿಟ್ಟು ಯಾರ ಮೇಲೆ? ನದಿಯ ಮೇಲೆ, ತನ್ನ ಮೇಲೆ. ಆದರೆ ಹೊಲದ ಬದುವನ್ನು ಅಣ್ಣನೇ ಒತ್ತಿದ್ದರೆ, ಗಂಡನೇ ಹೊಡೆದಿದ್ದರೆ ಕತೆ ಬೇರೆ. ಪ್ರವಚನಗಳಲ್ಲಿ ಕ್ಷಮೆಯ ಮಾತು ಬಹಳ ಬರುತ್ತದೆ.

ಕ್ಷಮೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಎವರೆಟ್ ವರ್ದಿಂಗ್ಟನ್ ಅವರ ಕ್ರಮವನ್ನು ಒಂದು ಅಭ್ಯಾಸ ಪುಸ್ತಕವಾಗಿಸಿ ಐದು ದೇಶಗಳಲ್ಲಿ 4,598 ಜನರ ಮೇಲೆ ಪರೀಕ್ಷಿಸಲಾಯಿತು. ಫಲಿತಾಂಶ ಪ್ರಕಟವಾದದ್ದು 2024ರಲ್ಲಿ. ಸುಮಾರು ಮೂರು ಗಂಟೆಯ ಸ್ವಂತ ಓದು-ಬರಹದ ನಂತರ ದ್ವೇಷ ಇಳಿದಿತ್ತು. ಖಿನ್ನತೆ, ಆತಂಕದ ಲಕ್ಷಣಗಳೂ ಸ್ವಲ್ಪ ಇಳಿದಿದ್ದವು. ವರ್ದಿಂಗ್ಟನ್ ಅವರ ಸ್ವಂತ ತಾಯಿಯೇ ಮನೆಗೆ ನುಗ್ಗಿದವನ ಕೈಯಲ್ಲಿ ಕೊಲೆಯಾಗಿದ್ದರು. ಈ ಮನುಷ್ಯ ಕ್ಷಮೆಯ ಬಗ್ಗೆ ಮಾತಾಡಿದರೆ ನಾವು ಕೇಳಬಹುದು.

ಈ ಕ್ಷೇತ್ರದವರು ಒತ್ತಿ ಹೇಳುವ ಒಂದು ಮಾತು ಪ್ರವಚನಗಳಲ್ಲಿ ಬಹಳ ಸಲ ತಪ್ಪಿಹೋಗುತ್ತದೆ. ಕ್ಷಮಿಸುವುದೆಂದರೆ ಮತ್ತೆ ಅವರೊಡನೆ ಬಾಳುವುದಲ್ಲ, ದೂರು ಹಿಂತೆಗೆದುಕೊಳ್ಳುವುದಲ್ಲ, ತಪ್ಪನ್ನು ಸರಿ ಎನ್ನುವುದಲ್ಲ. ಹೊಡೆತ ತಿನ್ನುತ್ತಲೇ ಇರುವ ಹೆಣ್ಣುಮಗಳಿಗೆ ‘ಕ್ಷಮಿಸಿ ಮುಂದೆ ಹೋಗು’ ಎಂದರೆ ಅದು ಅಧ್ಯಾತ್ಮವಲ್ಲ. ಅವಳಿಗೆ ಅದು ಇನ್ನೂ ಹಳೆಯ ಸಂಗತಿಯೇ ಆಗಿಲ್ಲ.

ಪುಸ್ತಕವೇ ಗಾಯ ಮಾಡುವುದುಂಟು

ಮಗುವನ್ನು ಕಳೆದುಕೊಂಡ ತಾಯಿಗೆ ‘ಹಿಂದಿನ ಜನ್ಮದ ಕರ್ಮ’ ಎಂದು ಹೇಳುವವರಿದ್ದಾರೆ. ಹೇಳಿದವರಿಗೆ ಅದು ಸಮಾಧಾನ, ಕೇಳಿದವಳಿಗೆ ಆರೋಪ. ದುಃಖದಲ್ಲಿರುವವರಿಗೆ ಪುಸ್ತಕ ಕೊಡುವ ಮೊದಲು ಆ ಪುಸ್ತಕ ಅವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆಯೇ ಎಂದು ನಾವು ನೋಡಬೇಕು. ಓದಿದ ಮೇಲೆ ‘ನನ್ನದೇ ತಪ್ಪು’ ಎಂಬ ಭಾವ ಹೆಚ್ಚಾದರೆ ಆ ಪುಸ್ತಕವನ್ನು ಮುಚ್ಚಿಡುವುದೇ ಸರಿ, ಅದು ಎಷ್ಟೇ ದೊಡ್ಡ ಗ್ರಂಥವಾಗಿರಲಿ.

ಇನ್ನೊಂದು ಅಪಾಯ ದೊಡ್ಡದು. ಗಾಣಗಾಪುರಕ್ಕೆ ಮಾನಸಿಕ ಕಾಯಿಲೆಯವರನ್ನು ‘ಗಾಳಿ ಹಿಡಿದಿದೆ’ ಎಂದು ಕರೆತರುವ ವಾಡಿಕೆ ಹಳೆಯದು. ಇಂಥ ಜಾಗಗಳನ್ನು ಸಾರಾಸಗಟಾಗಿ ತೆಗಳುವುದು ಸುಲಭ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ಹಾಗೆ ಮಾಡದೆ ಹೋಗಿ ನೋಡಿದರು. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಂಡಿದ್ದ, ಹೆಚ್ಚಿನವರು ತೀವ್ರ ಮಾನಸಿಕ ಕಾಯಿಲೆಯವರೇ ಆಗಿದ್ದ 31 ಜನರನ್ನು ಬಂದಾಗ ಮತ್ತು ಹೊರಡುವಾಗ ಪರೀಕ್ಷಿಸಿದರು. ರೋಗಲಕ್ಷಣಗಳ ಅಂಕ ಸರಾಸರಿ ಸುಮಾರು 20 ಪ್ರತಿಶತ ಇಳಿದಿತ್ತು. ಅಲ್ಲಿ ವಿಶೇಷ ಮಾಂತ್ರಿಕ ವಿಧಿಗಳಿರಲಿಲ್ಲ. ಇದ್ದದ್ದು ಯಾರೂ ಹೀಗಳೆಯದ ಆಸರೆ, ಗುಡಿಯ ಕಸಗುಡಿಸುವಂಥ ಸಣ್ಣ ಕೆಲಸ, ಜೊತೆಗಿದ್ದ ಮನೆಯವರು. 2002ರಲ್ಲಿ ಇದು ಪ್ರಕಟವಾಯಿತು. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದ ಚಿಕ್ಕ ಅಧ್ಯಯನ, ಆದ್ದರಿಂದ ಇದನ್ನು ಮಾತ್ರೆಗೆ ಬದಲಿ ಎಂದು ಓದಬಾರದು.

ಬದಲಿ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅದೇ ತಮಿಳುನಾಡಿನ ಏರವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾದ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ 28 ಮಾನಸಿಕ ರೋಗಿಗಳು ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೀಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಎಂಬ ಹೆಸರಿನಲ್ಲಿ ಪ್ರಾರ್ಥನೆಗೆ ಬಂದವರನ್ನು ಅಲ್ಲಿಯೇ ವೈದ್ಯರಿಗೂ ತೋರಿಸುವ ಏರ್ಪಾಡು ನಡೆದಿದೆ. ಭೀಮಾ ದಂಡೆಗೂ ಇದು ಒಗ್ಗದೇ ಇರಲಾರದು ಎಂದು ನಮಗನ್ನಿಸುತ್ತದೆ.

ಯಾವಾಗ ಪುಸ್ತಕ ಸಾಲುವುದಿಲ್ಲ?

ಸಾವಿನ ದುಃಖಕ್ಕೆ ಗಡುವಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿಯಲ್ಲಿ ‘ದೀರ್ಘಕಾಲದ ದುಃಖ’ ಎಂಬ ಒಂದು ಸ್ಥಿತಿ ಸೇರಿದೆ. ಕನಿಷ್ಠ 6 ತಿಂಗಳು ಕಳೆದರೂ, ಆ ಸಮಾಜದ ವಾಡಿಕೆಯನ್ನು ಮೀರಿದ ತೀವ್ರತೆಯಲ್ಲಿ ಹಂಬಲ ಬಿಡದೆ ಕಾಡಿ, ದಿನನಿತ್ಯದ ಕೆಲಸವೇ ನಡೆಯದಂತಾದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಇದೆ. ಹಾಗೆಯೇ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ, ಮಾತು ಎಲ್ಲವೂ ಕೆಟ್ಟರೆ ಅದು ಖಿನ್ನತೆ ಇರಬಹುದು. ದುಃಸ್ವಪ್ನ, ಬೆಚ್ಚಿಬೀಳುವುದು, ಆ ಜಾಗದ ಕಡೆಗೇ ಹೋಗದಿರುವುದು ತಿಂಗಳು ಮೀರಿದರೆ ಅದು ಆಘಾತದ ನಂತರದ ಕಾಯಿಲೆ ಇರಬಹುದು. ಇವು ಯಾವುವೂ ಭಕ್ತಿ ಕಡಿಮೆಯಾಗಿ ಬಂದವಲ್ಲ. ಮಾತ್ರೆ ನುಂಗುತ್ತಲೇ ಪದ ಹಾಡಬಹುದು, ಪಾರಾಯಣ ಮಾಡಬಹುದು. ಪಾರಾಯಣ ಶುರುಮಾಡಿದೆವೆಂದು ಮಾತ್ರೆ ಬಿಡುವುದು ಮಾತ್ರ ಬೇಡ. ಉಪವಾಸದ ನಿಯಮವಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅದರಲ್ಲೂ ಸಕ್ಕರೆ ಕಾಯಿಲೆಯವರು ಮತ್ತು ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು. ಲಿಥಿಯಂ ಇರುವಾಗ ನೀರು, ಉಪ್ಪು ಕಡಿಮೆಯಾದರೆ ಮಾತ್ರೆಯೇ ವಿಷವಾಗಬಹುದು.

ತೋರಿಸುವುದು ಎಲ್ಲಿ ಎಂದು ಕೇಳುವವರಿಗೆ: ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರದ ಕ್ಲಿನಿಕ್‌ಗಳು ನಡೆಯುತ್ತವೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಬದುಕೇ ಬೇಡ ಎನಿಸಿದರೆ ಮಂಗಳವಾರದ ತನಕ ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಬೆಳಗಿನ ಮೂರು ಗಂಟೆಗೂ ಅಲ್ಲಿ ಫೋನ್ ಎತ್ತುವವರಿರುತ್ತಾರೆ.